ಇದು ಯಾವ ಫೇರ್, ಮಾಮ?

ಹೋದ ತಿಂಗಳು ಅಕ್ಕ ಫೋನ್ ಮಾಡಿ, ಮಗಳ ಬಯೋಡೇಟಾ ಇಂಗ್ಲಿಷಿನಲ್ಲಿ ಬರೆದುಕೊಡು ಎಂದಳು. ಹುಡುಗನ ಮನೆಯವರು ಎರಡು ತಲೆಮಾರಿನಿಂದ ಪುಣೆಯಲ್ಲಿದ್ದಾರಂತೆ. ಕನ್ನಡ ಮಾತಾಡುತ್ತಾರೆ, ಓದಲು ಬರುವುದಿಲ್ಲ. ಹೆಸರು, ನಕ್ಷತ್ರ, ಓದು, ಕೆಲಸ ಎಲ್ಲ ಸರಾಗವಾಗಿ ಸಾಗಿತು. 'ಬಣ್ಣ' ಎಂಬಲ್ಲಿ ಬಂದು ಕೈ ನಿಂತಿತು. "ಫೇರ್ ಅಂತ ಹಾಕು" ಎಂದಳು ಅಕ್ಕ. ಹುಡುಗಿ ಬೆಳ್ಳಗಿಲ್ಲ. ನಮ್ಮ ಮನೆಯಲ್ಲಿ ಯಾರೂ ಬೆಳ್ಳಗಿಲ್ಲ. "ಎಲ್ಲರೂ ಹಾಗೇ ಹಾಕೋದು ಕಣೋ. ಓದೋರೂ ಅರ್ಧ ಕಳೆದೇ ಓದ್ತಾರೆ" ಎಂದಳು. ಹಾಕಿದೆ.

ರಾತ್ರಿ ಹುಡುಗಿಯ ಮೆಸೇಜು ಬಂತು: "ಇದು ಯಾವ ಫೇರ್, ಮಾಮ?"

ತಮಾಷೆಯೋ ಬೇಜಾರೋ ತಿಳಿಯಲಿಲ್ಲ. "ನ್ಯಾಯದ ಫೇರ್" ಎಂದು ಉತ್ತರಿಸಿ, ಒಂದು ನಗುಮುಖ ಅಂಟಿಸಿ ಮಲಗಿದೆ. ನಿದ್ದೆ ಬರಲಿಲ್ಲ.

ನನ್ನ ಉತ್ತರ ಪೂರ್ತಿ ಸುಳ್ಳೂ ಅಲ್ಲ. ಚಿಕ್ಕವಳಿದ್ದಾಗ ಕಡಲೆಮಿಠಾಯಿ ಹಂಚಲು ಅವಳ ಕೈಗೇ ಕೊಡುತ್ತಿದ್ದೆವು. ಐದು ಮಕ್ಕಳಿದ್ದರೆ ಐದು ಸಮಪಾಲು ಮಾಡಿ, ಪುಡಿಯನ್ನೂ ಐದು ಪಾಲು ಮಾಡುವಳು. ಆ ಅರ್ಥದಲ್ಲಿ ಅವಳಷ್ಟು ಫೇರ್ ಆದವರನ್ನು ನಾನು ನೋಡಿಲ್ಲ. ಆದರೆ ಪುಣೆಯವರು ಆ ಪದವನ್ನು ಮಿಠಾಯಿಯ ಅರ್ಥದಲ್ಲಿ ಓದುವುದಿಲ್ಲ ಎಂಬುದು ನನಗೆ ಗೊತ್ತಿತ್ತು. ಅದಕ್ಕೇ ಬರೆದದ್ದು.

ಇಂಗ್ಲಿಷಿನ ಈ ಪುಟ್ಟ ಪದ ಹೊತ್ತಿರುವ ಹೊರೆ ದೊಡ್ಡದು. ಹಳೆಯ ಇಂಗ್ಲಿಷಿನಲ್ಲಿ ಅದಕ್ಕೆ ಚೆಂದ, ಹಿತ ಎಂದಷ್ಟೇ ಅರ್ಥವಿತ್ತು. ಮಳೆಯಿಲ್ಲದ ತಿಳಿಯಾದ ದಿನವೂ ಫೇರ್. ಆಮೇಲೆ ತಿಳಿಬಣ್ಣದ ಕೂದಲು, ತಿಳಿಬಣ್ಣದ ಚರ್ಮಕ್ಕೂ ಅದೇ ಪದವಾಯಿತು. ಪಕ್ಷಪಾತವಿಲ್ಲದ ನಡತೆಗೂ ಅದೇ ಆಯಿತು. ಶಾಲೆಯ ಪ್ರಗತಿಪತ್ರದಲ್ಲಿ ಫೇರ್ ಎಂದರೆ ಸುಮಾರು. (ಸುಂದರ ಎನ್ನುವುದಕ್ಕೂ ಸಾಧಾರಣ ಎನ್ನುವುದಕ್ಕೂ ಒಂದೇ ಪದ ಇಟ್ಟುಕೊಂಡವರ ಬಗ್ಗೆ ಏನು ಹೇಳೋಣ!) ನಮ್ಮ ಮೇಷ್ಟ್ರು ರಫ್ ಪುಸ್ತಕದ್ದನ್ನು ಫೇರ್ ಮಾಡಿಕೊಂಡು ಬನ್ನಿ ಎನ್ನುತ್ತಿದ್ದರು, ಅಲ್ಲಿ ಅದು ಚಿತ್ತಿಲ್ಲದ ಬರಹ. ಜಾತ್ರೆಗೂ ಫೇರ್ ಎನ್ನುತ್ತಾರೆ. ಆದರೆ ಅದು ಲ್ಯಾಟಿನ್ನಿನ ಹಬ್ಬದ ದಿನದಿಂದ ಬಂದ ಬೇರೆಯೇ ಪದ, ಈ ಜಗಳಕ್ಕೆ ಸೇರಿದ್ದಲ್ಲ.

ಚೆಂದ, ಬಿಳುಪು, ನ್ಯಾಯ ಮೂರೂ ಒಂದೇ ಪದದಲ್ಲಿ ಒಟ್ಟಿಗೆ ವಾಸವಿದ್ದರೆ ಒಂದರ ವಾಸನೆ ಇನ್ನೊಂದಕ್ಕೆ ಹತ್ತದೇ ಇರುತ್ತದೆಯೇ? ಶೇಕ್ಸ್‌ಪಿಯರ್‌ಗೆ ಇದು ಗೊತ್ತಿತ್ತು. ಕಪ್ಪು ಹೆಣ್ಣನ್ನು ಕುರಿತ ಅವನ ಸಾನೆಟ್ಟುಗಳಲ್ಲಿ ಈ ಪದದ ಎರಡು ಅರ್ಥಗಳನ್ನು ಒಂದಕ್ಕೊಂದು ಡಿಕ್ಕಿ ಹೊಡೆಸುತ್ತಾನೆ.

ಎರಡು ಅರ್ಥದ ಮರೆಯಲ್ಲಿ ನಿಂತು ಆಡಿದ ಮಾತು ಸುಳ್ಳೋ ಅಲ್ಲವೋ? ಇದಕ್ಕೆ ಉತ್ತರ ಹುಡುಕಲು ಇಂಗ್ಲಿಷಿಗೆ ಹೋಗಬೇಕಿಲ್ಲ. ಅಶ್ವತ್ಥಾಮ ಸತ್ತ ಎಂದು ಧರ್ಮರಾಯ ಹೇಳಿದಾಗ ಆ ಹೆಸರಿನ ಆನೆ ಸತ್ತಿದ್ದು ನಿಜವೇ. ಪದಕ್ಕೆ ಪದ ಹಿಡಿದು ನೋಡಿದರೆ ಅವನು ತಪ್ಪು ಮಾಡಿಲ್ಲ. ಆದರೂ ಅಲ್ಲಿಯವರೆಗೆ ನೆಲದಿಂದ ನಾಲ್ಕು ಬೆರಳು ಮೇಲೆ ಓಡುತ್ತಿದ್ದ ಅವನ ರಥ ನೆಲಕ್ಕೆ ತಾಗಿತು ಎನ್ನುತ್ತದೆ ಕತೆ. ದ್ರೋಣರು ಏನು ಕೇಳಿಸಿಕೊಳ್ಳುತ್ತಾರೆ ಎಂದು ಅವನಿಗೆ ಗೊತ್ತಿತ್ತಲ್ಲ, ರಥ ಇಳಿಸಿದ್ದು ಆ ತಿಳಿವಳಿಕೆ. ಧರ್ಮರಾಯನಿಗೆ ಯುದ್ಧ ಗೆಲ್ಲುವ ಒತ್ತಡವಾದರೂ ಇತ್ತು. ನನಗಿದ್ದದ್ದು ಅಕ್ಕನ ಮಾತು ಮೀರಲಾಗದ ಸೋಮಾರಿತನ.

ಸರಿ, ನ್ಯಾಯದ ಫೇರ್‌ಗಾದರೂ ಕನ್ನಡದಲ್ಲಿ ಏನೆನ್ನುವುದು? ಜಾನ್ ರಾಲ್ಸ್ 1971ರ ತನ್ನ ದೊಡ್ಡ ಗ್ರಂಥದಲ್ಲಿ ಜಸ್ಟಿಸ್ ಎಂದರೆ ಫೇರ್‌ನೆಸ್ ಎಂಬ ವಿಚಾರ ಮಂಡಿಸಿದ. ಕನ್ನಡಕ್ಕೆ ತಂದರೆ 'ನ್ಯಾಯವೆಂದರೆ ನ್ಯಾಯವಾಗಿರುವುದು' ಎಂದಾಗಿ, ತನ್ನ ಬಾಲವನ್ನು ತಾನೇ ಹಿಡಿಯಹೊರಟ ನಾಯಿಯಂತೆ ಸುತ್ತುತ್ತದೆ. ನಮ್ಮಲ್ಲಿ ನ್ಯಾಯ ಎಂದರೆ ತೀರ್ಪೂ ಹೌದು, ತೀರ್ಪಿಗೆ ಬಂದ ಜಗಳವೂ ಹೌದು. ಹಳ್ಳಿಯಲ್ಲಿ 'ಅವರಿಬ್ಬರ ನ್ಯಾಯ ಇನ್ನೂ ಬಗೆಹರಿದಿಲ್ಲ' ಎನ್ನುತ್ತಾರೆ. ಸರ್ಕಾರ ನ್ಯಾಯಬೆಲೆ ಅಂಗಡಿ ಎಂದು ಬೋರ್ಡು ಹಾಕಿತು, ಜನ ಅದನ್ನು ಸೊಸೈಟಿ ಎಂದೇ ಕರೆದರು.

ಆದರೆ ಫೇರ್ ಅಲ್ಲದ್ದಕ್ಕೆ ನಮ್ಮಲ್ಲಿ ಪದಗಳ ಬರ ಇಲ್ಲ. ಲಗೋರಿ ಆಡುವ ಮಕ್ಕಳು 'ಮೋಸ, ಮೋಸ' ಎಂದು ಕೂಗುತ್ತಾರೆ. ಸಾಲಿನಲ್ಲಿ ಕೂತವರಿಗೆ ಒಬ್ಬರಿಗೊಂದು ಥರ ಬಡಿಸಿದರೆ ಪಂಕ್ತಿಭೇದ. ಮಕ್ಕಳಲ್ಲಿ ಹೆಚ್ಚುಕಡಿಮೆ ಮಾಡಿದರೆ ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದಕ್ಕೆ ಸುಣ್ಣ. ಗಮನಿಸಿ, ಬೆಣ್ಣೆಯೂ ಬೆಳ್ಳಗೆ, ಸುಣ್ಣವೂ ಬೆಳ್ಳಗೆ.

ಹಾಗೆಂದು ಕನ್ನಡ ಮುಗ್ಧ ಎನ್ನಲಾರೆ. ಎಣ್ಣೆಗೆಂಪು ಎಂಬ ಎಷ್ಟು ಒಳ್ಳೆಯ ಪದವಿದೆ, ಅದರಲ್ಲಿ ಮೈಯ ಹೊಳಪೂ ಇದೆ! ಲಕ್ಷಣವಾಗಿದ್ದಾಳೆ ಎಂಬ ಮಾತು ಬಣ್ಣದ ಗೊಡವೆಗೇ ಹೋಗುವುದಿಲ್ಲ. ಆದರೆ ನಮ್ಮಜ್ಜಿ ಹೇಳುತ್ತಿದ್ದದ್ದು 'ಕಪ್ಪಾದರೂ ಲಕ್ಷಣ' ಎಂದು. ಆ 'ಆದರೂ' ಯಾವ ಇಂಗ್ಲಿಷರೂ ಕಲಿಸಿದ್ದಲ್ಲ. ಬೆಳ್ಳಗೆ ಹುಟ್ಟಿದ ಮಗುವಿಗೆ 'ಆದರೂ' ಹಚ್ಚಿದ್ದನ್ನು ನಾನು ಕೇಳಿಲ್ಲ.

1975ರಲ್ಲಿ ಮಾರುಕಟ್ಟೆಗೆ ಬಂದ ಫೇರ್ ಅಂಡ್ ಲವ್ಲಿ 2020ರಲ್ಲಿ ಹೆಸರಿನಿಂದ ಆ ಪದವನ್ನು ತೆಗೆದು ಗ್ಲೋ ಅಂಡ್ ಲವ್ಲಿ ಆಯಿತು. ಅದೇ ವರ್ಷ ಶಾದಿ ಡಾಟ್ ಕಾಮ್ ಮೈಬಣ್ಣದಿಂದ ಸೋಸುವ ಸೌಲಭ್ಯ ಕಿತ್ತುಹಾಕಿತು. ಒಳ್ಳೆಯದೇ. ಅಕ್ಕನಿಗೆ ಇದನ್ನು ಹೇಳಿದರೆ, "ಸೋಸೋ ಜರಡಿ ಅವರ ಕಣ್ಣಲ್ಲಿರುತ್ತಲ್ಲೋ" ಎಂದಳು.

ಸಮಾಜದಲ್ಲಿ ತನ್ನ ಸ್ಥಾನ ಯಾವುದೆಂದು ತಿಳಿಯದಂತೆ ಪರದೆಯ ಹಿಂದೆ ನಿಂತು ನಿಯಮ ಆರಿಸಿ, ಆಗ ಅದು ಫೇರ್ ಆಗಿರುತ್ತದೆ ಎಂದ ರಾಲ್ಸ್. ಆ ಪರದೆಯನ್ನು ನಮ್ಮ ನಡುಮನೆಗೆ ಕಟ್ಟಿ ನೋಡಿದೆ. ಹೆಣ್ಣಾಗಿ ಹುಟ್ಟುತ್ತೇನೋ ಗಂಡಾಗಿಯೋ, ಯಾವ ಬಣ್ಣವೋ ಗೊತ್ತಿಲ್ಲದಿದ್ದರೆ ಬಯೋಡೇಟಾದಲ್ಲಿ ಬಣ್ಣದ ಸಾಲು ಇರಲಿ ಎನ್ನುತ್ತಿದ್ದೆನೇ? ಹದಿನೆಂಟು ವರ್ಷದ ಹಿಂದೆ ನನ್ನ ಬಯೋಡೇಟಾದಲ್ಲಿ ಆ ಸಾಲೇ ಇರಲಿಲ್ಲ. ಸಂಬಳದ ಸಾಲಿತ್ತು. ನಾನು ಅಕ್ಕನ ಮಗಳಿಗಿಂತ ಕಪ್ಪು.

ಬೆಳಿಗ್ಗೆ ಅವಳಿಗೆ ಫೋನ್ ಮಾಡಿ, ತಪ್ಪಾಯ್ತು ಎಂದೆ. ಅವಳು ಆಗಲೇ ಆ ಸಾಲನ್ನು ಅಳಿಸಿ ಕಳಿಸಿಯಾಗಿತ್ತು. ಎರಡು ದಿನ ಬಿಟ್ಟು ಪುಣೆಯಿಂದ ಫೋನ್ ಬಂದಾಗ ನಾನು ಅಕ್ಕನ ಮನೆಯಲ್ಲೇ ಇದ್ದೆ. ಎಲ್ಲ ಚೆನ್ನಾಗಿದೆ, ಬಣ್ಣ ಮಾತ್ರ ಹಾಕಿಲ್ಲ ನೀವು ಎಂದರಂತೆ. ಅಕ್ಕ ಒಂದು ಗಳಿಗೆ ನನ್ನನ್ನೇ ನೋಡಿದಳು.

"ಅವಳ ಸೋದರಮಾವನ ಬಣ್ಣ" ಎಂದಳು. "ಬಂದು ನೋಡಿ."