ಕೈಯಿಂದ ಕೈಗೆ ದಾಟುವ ಓಟದ ಕರ್ತೃ

ಚಿತ್ರದುರ್ಗದಿಂದ ಹಿರಿಯೂರಿನವರೆಗಿನ ಸುಮಾರು 40 ಕಿ.ಮೀ. ಹಾದಿಯನ್ನು ಗೆಳೆಯರ ಗುಂಪೊಂದು ಸ್ಪರ್ಧೆಯ ಹಂಗಿಲ್ಲದೆ ರಿಲೇ ಕ್ರಮದಲ್ಲಿ, ಅಂದರೆ ಒಬ್ಬರು ನಿಲ್ಲಿಸಿದಲ್ಲಿಂದ ಮತ್ತೊಬ್ಬರು ಮುಂದುವರಿಸುವಂತೆ ಓಡಿದರೆ, ಇಡೀ ಹಾದಿಯನ್ನು ಯಾರೊಬ್ಬರೂ ಕ್ರಮಿಸಿರುವುದಿಲ್ಲವಾದರೂ ಓಟ ಪೂರ್ಣಗೊಂಡಿರುತ್ತದೆ; ಹಾಗಾದರೆ ಅದರ ಕರ್ತೃ ಯಾರು ಎಂಬ ಪ್ರಶ್ನೆ ಕರ್ಮಸಿದ್ಧಾಂತಕ್ಕೆ, ಅಂದರೆ ಮಾಡಿದವನೇ ಫಲ ಉಣ್ಣುತ್ತಾನೆಂಬ ನಿಲುವಿಗೆ, ನೇರವಾಗಿ ತಾಗುತ್ತದೆ.

ಇಂಥದೇ ಪ್ರಶ್ನೆಗೆ ಪಾಳಿ ಗ್ರಂಥವಾದ ಮಿಲಿಂದಪಞ್ಹದಲ್ಲಿ ಭಿಕ್ಷು ನಾಗಸೇನನು, ರಾತ್ರಿಯ ಮೊದಲ ಜಾವದ ದೀಪಜ್ವಾಲೆಯೂ ಕೊನೆಯ ಜಾವದ ಜ್ವಾಲೆಯೂ ಒಂದೇ ಅಲ್ಲ, ಬೇರೆಯೂ ಅಲ್ಲ ಎಂದು ವಿವರಿಸುತ್ತಾನೆ. ವಿವರಣೆ ಆಳವಾದದ್ದೇ, ಆದರೆ ಬಿಟ್ಟುಕೊಡುವ ಸಂಕಲ್ಪ ಜ್ವಾಲೆಗಿಲ್ಲ, ಓಟಗಾರನಿಗಿದೆ. ರಿಲೇ ಕೋಲನ್ನು ಪಡೆಯುವವನು ಹಿಂತಿರುಗಿ ನೋಡದೆ, ಅಂಗೈಯನ್ನು ಹಿಂದಕ್ಕೆ ಚಾಚಿ, ಅದು ಕೈಸೇರುವ ಮೊದಲೇ ಓಡತೊಡಗುತ್ತಾನೆ. ಕೊಡುವವನು ವೇಗ ತಗ್ಗಿಸದೆ ಕೆಲವು ಹೆಜ್ಜೆ ಜೊತೆಗೋಡಿ, ಅತ್ತ ಬೆರಳುಗಳು ಬಿಗಿದ ಕ್ಷಣವೇ ಇತ್ತ ಹಿಡಿತ ಸಡಿಲಿಸಬೇಕು. ಈ ಸಡಿಲಿಕೆಯನ್ನು ಅರ್ಥೈಸಲು ಶರಣರ ದಾಸೋಹವೇ, ಅಂದರೆ ಕೊಡುವವನೆಂಬ ಹಮ್ಮಿಲ್ಲದೆ ದಾಸಭಾವದಿಂದ ಅರ್ಪಿಸುವ ತತ್ತ್ವವೇ, ಹೆಚ್ಚು ಸಮರ್ಥವಾದುದು.

ಹಾಗೆಂದು ಮಾಡಿದವನ ಹೆಸರು ಅಳಿಯಲೇಬೇಕೆಂದಿಲ್ಲ. ಚಿತ್ರದುರ್ಗ ಜಿಲ್ಲೆಯದೇ ಆದ ಬ್ರಹ್ಮಗಿರಿಯಲ್ಲಿ ಶಾಸನತಜ್ಞ ಬಿ. ಎಲ್. ರೈಸ್ 1892ರಲ್ಲಿ ಬೆಳಕಿಗೆ ತಂದ ಅಶೋಕನ ಶಾಸನದಲ್ಲಿ, ಸಂದೇಶವು ಸುವರ್ಣಗಿರಿಯ ಆರ್ಯಪುತ್ರ, ಅಂದರೆ ರಾಜಕುಮಾರ, ಹಾಗೂ ಮಹಾಮಾತ್ರರಿಂದ, ಅಂದರೆ ಹಿರಿಯ ಅಧಿಕಾರಿಗಳಿಂದ, ಇಸಿಲವೆಂಬ ಊರಿನ ಮಹಾಮಾತ್ರರಿಗೆ ದಾಟಿಬರುತ್ತದೆ. ದೊಡ್ಡವರಷ್ಟೇ ಅಲ್ಲ, ಸಣ್ಣವರೂ ಪ್ರಯತ್ನದಿಂದ ಸ್ವರ್ಗ ಪಡೆಯಬಲ್ಲರೆಂದು ಸಾರುವ ಆ ಬರಹದ ಕೊನೆಗೆ ಲಿಪಿಕಾರ ಚಪಡನು ತನ್ನ ಹೆಸರನ್ನು ಬ್ರಾಹ್ಮಿಯಲ್ಲೂ ವೃತ್ತಿಯನ್ನು ಖರೋಷ್ಠಿ ಲಿಪಿಯಲ್ಲೂ ನಮೂದಿಸಿದ್ದಾನೆ.