ಸಂಗ್ರಹವೂ ಪರಿಗ್ರಹವೂ

ಧನಕ್ಕೆ ದಾನ, ಭೋಗ, ನಾಶವೆಂಬ ಮೂರೇ ಗತಿಗಳೆಂದು ನೀತಿಜ್ಞರು ಹೇಳುತ್ತ ಬಂದಿರುವರು. ಕೊಡದೆ, ಭೋಗಿಸದೆ ಇಟ್ಟ ಧನವು ಕೊನೆಗೆ ಮೂರನೆಯ ಗತಿಯನ್ನೇ ಹೊಂದುವದು. ಧಾನ್ಯ, ವಸ್ತ್ರ, ಬಂಗಾರಗಳ ವಿಷಯದಲ್ಲಿ ಈ ಮಾತನ್ನು ಅಲ್ಲಗಳೆಯುವವರು ವಿರಳ. ಆದರೆ ಮಕ್ಕಳ ಆಟಿಗೆಯ ವಿಷಯದಲ್ಲಿ ಇದನ್ನು ವಿಚಾರಿಸುವವರು ಇನ್ನೂ ಕಡಿಮೆ. ಆಟಿಗೆಯು ಅಲ್ಪವಸ್ತು, ಆಡಿ ಮುರಿದುಹೋಗುವಂಥಾದ್ದು, ಅದನ್ನು ಕೂಡಿಡುವವರು ಯಾರೆಂಬ ಭಾವನೆಯೇ ಇದಕ್ಕೆ ಕಾರಣವಾಗಿರಬೇಕು. ಈಗಿನ ಕಾಲದಲ್ಲಿಯಾದರೋ ಆಟಿಗೆಗಳನ್ನು ರತ್ನಗಳಂತೆ ಕೂಡಿಡುವ ಪ್ರೌಢ ಗೃಹಸ್ಥರು ಅನೇಕ ದೇಶಗಳಲ್ಲಿರುವರು. ಅವರ ಹವ್ಯಾಸವು ಸಣ್ಣದಾಗಿ ಕಂಡರೂ ಅದರೊಳಗೆ ಅಡಗಿದ ಪ್ರಶ್ನೆಯು ಸಣ್ಣದಲ್ಲ. ಉಪಯೋಗಕ್ಕಾಗಿ ಹುಟ್ಟಿದ ವಸ್ತುವನ್ನು ಉಪಯೋಗಿಸದೆ ಕಾಯುವದು ಧರ್ಮವೋ, ಅಥವಾ ಲೋಭದ ಸುಸಂಸ್ಕೃತ ರೂಪವೋ?

ಇಂಥ ಆಟಿಗೆಗಳಲ್ಲಿ ಬಗ್ಗಿಯನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಬಗ್ಗಿ ಎಂಬ ಶಬ್ದವು ಕನ್ನಡಿಗರಿಗೆ ಹೊಸದಲ್ಲ. ಕುದುರೆಯನ್ನು ಹೂಡಿ ನಡೆಸುವ ಹಗುರಾದ ಗಾಡಿಗೆ ಹಿಂದಿನಿಂದಲೂ ಆ ಹೆಸರು ಇದ್ದಿತು. ಮುಂದೆ ಅಮೇರಿಕೆಯ ಕ್ಯಾಲಿಫೋರ್ನಿಯಾ ಪ್ರಾಂತದಲ್ಲಿ ಮರಳಿನ ದಿನ್ನೆಗಳ ಮೇಲೆ ಓಡಿಸುವದಕ್ಕಾಗಿ ಫೋಕ್ಸ್‌ವ್ಯಾಗನ್ ಮೋಟಾರಿನ ಭಾಗಗಳಿಂದ ಕಟ್ಟಿದ ವಾಹನಗಳಿಗೂ ಅದೇ ಹೆಸರು ಬಂದಿತು. ಆ ವಾಹನಗಳನ್ನು ಹತ್ತರಲ್ಲಿ ಒಂದು ಪಾಲಿನಷ್ಟು ಚಿಕ್ಕದು ಮಾಡಿ, ವಿದ್ಯುತ್ತಿನ ಯಂತ್ರವನ್ನಿಟ್ಟು, ಆಡುವವನು ದೂರದಲ್ಲಿ ನಿಂತು ರೇಡಿಯೋ ತರಂಗಗಳಿಂದ ಅದರ ವೇಗವನ್ನೂ ತಿರುವನ್ನೂ ಆಳುವಂತೆ ಮಾಡಿದ ಆಟಿಗೆಯೇ ಪ್ರಕೃತದ ಬಗ್ಗಿಯು. ಸಾರಥಿಯು ರಥದಲ್ಲಿಲ್ಲ, ಆದರೂ ರಥವು ಅವನ ಬೆರಳಿನ ಅಂಕೆಯಲ್ಲಿಯೇ ಓಡುವದು.

ಜಪಾನದ ಶಿಝುವೋಕಾ ಪಟ್ಟಣದಲ್ಲಿ ೧೯೪೬ರಲ್ಲಿ ಮರ ಕೊಯ್ಯುವ ಉದ್ಯೋಗದಿಂದ ಆರಂಭವಾದ ತಾಮಿಯಾ ಎಂಬ ಸಂಸ್ಥೆಯು ೧೯೭೬ರಲ್ಲಿ ತನ್ನ ಮೊದಲನೆಯ ರೇಡಿಯೋ ಮೋಟಾರನ್ನು ಹೊರಡಿಸಿತು. ೧೯೭೯ರಲ್ಲಿ ‘ರಫ್ ರೈಡರ್’, ‘ಸ್ಯಾಂಡ್ ಸ್ಕಾರ್ಚರ್’ ಎಂಬ ಬಗ್ಗಿಗಳು ಬಂದವು. ೧೯೮೩ರಲ್ಲಿ ‘ಫ್ರಾಗ್’, ೧೯೮೪ರಲ್ಲಿ ‘ಗ್ರಾಸ್‌ಹಾಪರ್’ ಹಾಗೂ ‘ಹಾರ್ನೆಟ್’, ಅಂದರೆ ಕಪ್ಪೆ, ಮಿಡತೆ, ಕಡಜಗಳೆಂಬ ಹೆಸರಿನವು ಹೊರಟವು. ಕ್ಯೋಶೋ ಎಂಬ ಇನ್ನೊಂದು ಜಪಾನೀ ಸಂಸ್ಥೆಯ ‘ಸ್ಕಾರ್ಪಿಯನ್’ ೧೯೮೨ರದು. ೧೯೮೪ರಲ್ಲಿ ಅಮೇರಿಕೆಯ ಅಸೋಸಿಯೇಟೆಡ್ ಸಂಸ್ಥೆಯು ‘ಆರ್‌ಸಿ ೧೦’ ಎಂಬುದನ್ನು ಮಾಡಿತು. ಅದರ ಅಡಿಗಟ್ಟು ಅಲ್ಯೂಮಿನಿಯಮ್ಮಿನದು. ಮೇಲೆ ಬಂಗಾರದ ಬಣ್ಣ. ೧೯೮೫ರಲ್ಲಿ ಕ್ಯಾಲಿಫೋರ್ನಿಯಾದ ಡೆಲ್ ಮಾರ್ ಎಂಬಲ್ಲಿ ಕೂಡಿದ ಮೊದಲನೆಯ ಜಾಗತಿಕ ಸ್ಪರ್ಧೆಯಲ್ಲಿ, ಎರಡು ಗಾಲಿಗಳಿಗೆ ಬಲ ಕೊಡುವ ಬಗ್ಗಿಗಳ ವರ್ಗದ ಜಯವು ಈ ಬಂಗಾರಬಣ್ಣದ ಗಾಡಿಗೇ ದೊರೆಯಿತು.

ಇಂಥ ಬಗ್ಗಿಗಳಲ್ಲಿ ಬಹಳಷ್ಟು ಪೆಟ್ಟಿಗೆಯಲ್ಲಿ ಬಿಡಿ ಭಾಗಗಳಾಗಿ ಬರುತ್ತಿದ್ದವು. ಕೊಂಡವನು ತಾನೇ ಹಲ್ಲುಗಾಲಿ, ಅಚ್ಚು, ಸ್ಪ್ರಿಂಗುಗಳನ್ನು ಜೋಡಿಸಿ ತಿರುಪು ಬಿಗಿಯಬೇಕು. ಕಟ್ಟಿದ ಬಳಿಕ ಅವು ಮಣ್ಣಿನಲ್ಲಿ ಓಡಿದವು, ಕಲ್ಲಿಗೆ ಬಡಿದವು, ಮುರಿದವು, ತಿಪ್ಪೆಗೆ ಬಿದ್ದವು. ಮುರಿಯದೆ ಉಳಿದವು ಕೆಲವೇ. ಪೆಟ್ಟಿಗೆಯನ್ನೇ ಬಿಚ್ಚದೆ ಉಳಿದವು ಅತ್ಯಲ್ಪ. ಆಡಿದ ಸಾವಿರ ಹುಡುಗರ ಆಟವೇ ಆಡದೆ ಉಳಿದ ಒಂದಕ್ಕೆ ಬೆಲೆಯನ್ನು ತಂದುಕೊಟ್ಟಿತೆಂಬುದನ್ನು ಇಲ್ಲಿ ಲಕ್ಷಿಸಬೇಕು.

ಈಗ ಬೆಳಗಾವಿಯ ಒಬ್ಬ ಗೃಹಸ್ಥನನ್ನು ದೃಷ್ಟಾಂತಕ್ಕಾಗಿ ಕಲ್ಪಿಸಿಕೊಳ್ಳೋಣ. ೧೯೮೫ರಲ್ಲಿ ಅವನು ಹತ್ತು ವರ್ಷದ ಬಾಲಕ. ಆಗ ಭಾರತದಲ್ಲಿ ಪರದೇಶದ ಬಳಕೆಯ ಸಾಮಾನುಗಳ ಆಯಾತಕ್ಕೆ ಬಿಗಿಯಾದ ನಿರ್ಬಂಧಗಳಿದ್ದವು. ಅವುಗಳಲ್ಲಿ ಪ್ರಮಾಣದ ಕಟ್ಟುಗಳು ಪೂರ್ಣವಾಗಿ ಹೋದದ್ದು ೨೦೦೧ರಲ್ಲಿ. ನೆರೆಮನೆಯವರೊಬ್ಬರು ಪರದೇಶದಿಂದ ಬರುವಾಗ ತಮ್ಮ ಮಗನಿಗೆ ಒಂದು ‘ಹಾರ್ನೆಟ್’ ತಂದರು. ಆ ಹುಡುಗನು ಓಡಿಸಿದನು. ಇವನು ಬೇಲಿಯ ಆಚೆ ನಿಂತು ನೋಡಿದನು. ಮುಟ್ಟಲು ದೊರೆಯಲಿಲ್ಲ. ಕಾಲಾಂತರದಲ್ಲಿ ಇವನು ಓದಿ, ಉದ್ಯೋಗ ಹಿಡಿದು, ಟಿಳಕವಾಡಿಯಲ್ಲಿ ಮನೆ ಕಟ್ಟಿಸಿ, ನ್ಯಾಯದಿಂದ ಗಳಿಸಿದ ಹಣದಿಂದ ಆ ಕಾಲದ ಬಗ್ಗಿಗಳನ್ನು ಒಂದೊಂದಾಗಿ ತರಿಸಿ, ಗಾಜಿನ ಕಪಾಟಿನಲ್ಲಿ ಇರಿಸಿರುವನು. ಬಿಚ್ಚದ ಪೆಟ್ಟಿಗೆಯೂ ಒಂದುಂಟು. ಬೇಸಿಗೆಯ ರಜೆಯಲ್ಲಿ ಖಾನಾಪುರದಿಂದ ಬಂದ ತಂಗಿಯ ಮಗನು ಕಪಾಟಿನ ಮುಂದೆ ನಿಂತು, “ಮಾಮಾ, ಓಡಸಬಾರದಂದ್ರ ಇದನ್ನ ಯಾಕ ತಂದ್ರಿ?” ಎಂದು ಕೇಳುವನು. ಹುಡುಗನ ಪ್ರಶ್ನೆಯು ಸರಳವಾದದ್ದು, ಉತ್ತರವು ಹಾಗಲ್ಲ.

ಮೊದಲು ಗೃಹಸ್ಥನ ಪಕ್ಷವನ್ನು ನ್ಯಾಯವಾಗಿ ಕೇಳತಕ್ಕದ್ದು. ಅವನು ಯಾರದನ್ನೂ ಕದ್ದಿಲ್ಲ. ಮನೆಯವರನ್ನು ಉಪವಾಸವಿಟ್ಟಿಲ್ಲ. ಮದ್ಯ, ಜೂಜುಗಳಿಗಿಂತ ಈ ಹವ್ಯಾಸವು ನಿರ್ದೋಷವಾದದ್ದು. ಅಲ್ಲದೆ ಅವನಂಥವರು ಕಾಯದಿದ್ದರೆ ಒಂದು ಕಾಲದ ಕೌಶಲ್ಯದ ಕುರುಹೇ ಲೋಕದಿಂದ ಅಳಿದುಹೋಗಬಹುದು. ಎಲ್ಲರೂ ಆಡಿ ಮುರಿದರೆ, ಆ ಗಾಡಿಯು ಹೇಗಿತ್ತೆಂಬುದನ್ನು ಮುಂದಿನವರು ತಿಳಿಯುವ ಬಗೆ ಯಾವದು? ದೇವಾಲಯದ ತಾಮ್ರಶಾಸನವನ್ನು ಯಾರೂ ಪಾತ್ರೆಯ ಮುಚ್ಚಳವಾಗಿ ಬಳಸುವದಿಲ್ಲವಷ್ಟೆ. ಈ ವಾದದಲ್ಲಿ ಬಲವಿರುವದು. ಇದನ್ನು ಹಾಸ್ಯದಿಂದ ತಳ್ಳಿಹಾಕುವದು ಸರಿಯಲ್ಲ.

ಆದರೆ ಇದಕ್ಕೆ ಪ್ರತಿಯಾಗಿ ಹೇಳತಕ್ಕದ್ದೂ ಉಂಟು. ಪತಂಜಲಿಯು ಐದು ಯಮಗಳಲ್ಲಿ ಅಪರಿಗ್ರಹವನ್ನು ಎಣಿಸಿದ್ದಾನೆ. ಅದರ ಭಾಷ್ಯಕಾರನು ಪರಿಗ್ರಹದಲ್ಲಿ ಅರ್ಜನ, ರಕ್ಷಣ, ಕ್ಷಯ, ಸಂಗ, ಹಿಂಸೆ ಎಂಬ ಐದು ದೋಷಗಳನ್ನು ಕಂಡಿದ್ದಾನೆ. ಗೃಹಸ್ಥನು ಇವನ್ನು ತನ್ನ ಕಪಾಟಿನ ಮೇಲೆ ಪ್ರಯೋಗಿಸಿ ನೋಡಬಹುದು. ಅರ್ಜನದಲ್ಲಿ ಎಷ್ಟು ರಾತ್ರಿಗಳ ನಿದ್ರೆ ಹೋಯಿತು? ರಕ್ಷಣದಲ್ಲಿ ಧೂಳಿಗೆ, ಬಿಸಿಲಿಗೆ, ಕೆಲಸದವಳ ಬಟ್ಟೆಗೆ ಎಷ್ಟು ಅಂಜಬೇಕಾಯಿತು? ಇಷ್ಟು ಮಾಡಿಯೂ ಕ್ಷಯವು ನಿಂತಿಲ್ಲ. ಇಟ್ಟಲ್ಲಿಯೇ ರಬ್ಬರಿನ ಗಾಲಿಗಳು ಗಟ್ಟಿಯಾಗಿ ಸೀಳುವವು. ಬಿಳಿಯ ಪ್ಲಾಸ್ಟಿಕ್ಕು ಹಳದಿಯಾಗುವದು. ಹಳೆಯ ನಿಕೆಲ್-ಕ್ಯಾಡ್ಮಿಯಮ್ ಬ್ಯಾಟರಿಯಿಂದ ಕ್ಷಾರವು ಒಸರಿ ತಾಮ್ರವನ್ನು ತಿನ್ನುವದು. ಕಾಲನು ಮುದ್ರೆ ಹಾಕಿದ ಪೆಟ್ಟಿಗೆಯೊಳಗೂ ಕೈಯಾಡಿಸುವನು. ಉಳಿದವು ಸಂಗವೂ ಹಿಂಸೆಯೂ. ಕಪಾಟಿನ ಮುಂದೆ ನಿಂತ ಹುಡುಗನ ಕೈಯನ್ನು ತಟ್ಟನೆ ಹಿಂದಕ್ಕೆ ಎಳೆದಾಗ ಅವೆರಡೂ ಒಂದೇ ಕ್ಷಣದಲ್ಲಿ ಪ್ರಕಟವಾಗುವವು. ಹುಡುಗನಿಗೆ ಪೆಟ್ಟಾಗಿಲ್ಲ ನಿಜ. ಆದರೆ ನಲವತ್ತು ವರ್ಷಗಳ ಹಿಂದೆ ಬೇಲಿಯ ಆಚೆ ನಿಂತಿದ್ದ ಬಾಲಕನಿಗೆ ಆದದ್ದೇ ಇವನಿಗೂ ಆಯಿತು. ಈ ಸಲ ಬೇಲಿಯನ್ನು ಹಾಕಿದವನು ಆ ಬಾಲಕನೇ.

ಆಟದ ಗಾಡಿಯ ವಿಷಯದಲ್ಲಿ ಸಂಸ್ಕೃತಸಾಹಿತ್ಯವು ಮೌನವಾಗಿಲ್ಲ. ಶೂದ್ರಕನ ಮೃಚ್ಛಕಟಿಕಕ್ಕೆ ಹೆಸರು ಬಂದದ್ದೇ ಒಂದು ಮಣ್ಣಿನ ಗಾಡಿಯಿಂದ. ಚಾರುದತ್ತನ ಮಗನಾದ ರೋಹಸೇನನು ನೆರೆಮನೆಯ ಹುಡುಗನ ಬಂಗಾರದ ಗಾಡಿಯೊಡನೆ ಆಡಿದ್ದನು. ಅದು ಕೈತಪ್ಪಿದ ಬಳಿಕ ದಾಸಿಯು ಮಣ್ಣಿನದೊಂದನ್ನು ಮಾಡಿಕೊಟ್ಟಳು. ಬಾಲಕನು ಅದನ್ನು ಒಲ್ಲದೆ ಅಳತೊಡಗಿದನು. ವಸಂತಸೇನೆಯು ಮರುಗಿ, ಬಂಗಾರದ ಗಾಡಿಯನ್ನು ಮಾಡಿಸಿಕೊಳ್ಳೆಂದು ತನ್ನ ಆಭರಣಗಳನ್ನೇ ಆ ಮಣ್ಣಿನ ಗಾಡಿಯಲ್ಲಿ ತುಂಬಿದಳು. ಮುಂದೆ ಅವೇ ಆಭರಣಗಳು ನ್ಯಾಯಸಭೆಯಲ್ಲಿ ಮೈತ್ರೇಯನ ಕಡೆಯಿಂದ ಕೆಳಗೆ ಬಿದ್ದು, ನಿರಪರಾಧಿಯಾದ ಚಾರುದತ್ತನ ಮೇಲೆ ಕೊಲೆಯ ಆರೋಪವನ್ನು ಸಾಧಿಸುವಂತಾದವು. ಕವಿಯು ವಸಂತಸೇನೆಯ ದಾನವನ್ನು ಜರೆದಿಲ್ಲ. ಅದು ಶುದ್ಧವಾದ ವಾತ್ಸಲ್ಯವೇ. ಆದರೂ ಗಾಡಿಯು ಆಟಕ್ಕಾಗಿ ಇದ್ದಷ್ಟು ಹೊತ್ತು ಅದು ಹುಡುಗನದು; ಬಂಗಾರವನ್ನು ಹೊತ್ತ ಕೂಡಲೆ ಅದು ಹಿರಿಯರ ವ್ಯವಹಾರಕ್ಕೆ, ಸಂಶಯಕ್ಕೆ, ನ್ಯಾಯಸಭೆಗೆ ಸೇರಿತು. ಬೆಲೆ ಏರಿದ ಆಟಿಗೆಯು ಮಕ್ಕಳ ಕೈಯಿಂದ ಹೇಗೆ ಜಾರುವದೆಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವ ಕಥೆಯು ಕಷ್ಟದಿಂದ ಸಿಗುವದು.

ಹಾಗಾದರೆ ಕೂಡಿಡುವದೆಲ್ಲವೂ ದೋಷವೇ? ಅಲ್ಲ. ಸಂಗ್ರಹವು ಬೇರೆ, ಪರಿಗ್ರಹವು ಬೇರೆ. ವಸ್ತುವಿನ ಗುಣವನ್ನು ಪ್ರೀತಿಸಿ ಅದನ್ನು ಉಳಿಸುವದು ಸಂಗ್ರಹ. ಅದು ಇತರರಲ್ಲಿ ಇಲ್ಲವೆಂಬುದನ್ನು ಪ್ರೀತಿಸಿ ಅದನ್ನು ಬಿಗಿಹಿಡಿಯುವದು ಪರಿಗ್ರಹ. ಹೊರಗಿನಿಂದ ಎರಡೂ ಒಂದೇ ತರಹ ಕಾಣುವವು. ಅವನ್ನು ಬೇರ್ಪಡಿಸುವ ಒಂದು ಒರೆಗಲ್ಲು ಈ ಬಗ್ಗಿಗಳ ಚರಿತ್ರೆಯಲ್ಲಿಯೇ ದೊರೆಯುತ್ತದೆ. ತಾಮಿಯಾ ಸಂಸ್ಥೆಯು ತನ್ನ ಹಳೆಯ ಬಗ್ಗಿಗಳನ್ನು ಪುನಃ ಹೊರಡಿಸತೊಡಗಿತು. ೨೦೦೭ರಲ್ಲಿ ‘ಹಾಟ್‌ಶಾಟ್’, ೨೦೧೦ರಲ್ಲಿ ‘ಸ್ಯಾಂಡ್ ಸ್ಕಾರ್ಚರ್’ ಮರಳಿ ಬಂದವು. ‘ಆರ್‌ಸಿ ೧೦’ ಎಂಬುದು ೨೦೧೩ರಲ್ಲಿಯೂ, ಕ್ಯೋಶೋದ ‘ಸ್ಕಾರ್ಪಿಯನ್’ ೨೦೧೪ರಲ್ಲಿಯೂ ಪುನರ್ಜನ್ಮವನ್ನು ಪಡೆದವು. ಈ ಸುದ್ದಿಯನ್ನು ಕೇಳಿದಾಗ ಹಳೆಯದನ್ನು ಉಳ್ಳವನ ಮನಸ್ಸಿಗೆ ಮೊದಲು ಬಂದದ್ದು ಸಂತೋಷವೋ, ಸಂಕಟವೋ? ಇನ್ನು ಹತ್ತು ಊರುಗಳ ಹುಡುಗರು ಇದನ್ನು ಕಟ್ಟಿ ಓಡಿಸುವರೆಂದು ಹಿಗ್ಗಿದವನು ಗಾಡಿಯನ್ನು ಪ್ರೀತಿಸಿದವನು. ತನ್ನದರ ಬೆಲೆ ಇಳಿಯಿತೆಂದು ಕುಗ್ಗಿದವನು ಬೇರೆಯವರ ಅಭಾವವನ್ನು ಪ್ರೀತಿಸಿದವನು.

ಇದಕ್ಕೆ ಕನ್ನಡನಾಡಿನದೇ ಒಂದು ಸಮಾನ ದೃಷ್ಟಾಂತವುಂಟು. ಮೈಸೂರಿನ ಪ್ರಾಚ್ಯ ಪುಸ್ತಕಾಲಯಕ್ಕೆ ಬಂದ ಓಲೆಗರಿಯ ಪ್ರತಿಯೊಂದರಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವು ಇರುವದನ್ನು ೧೯೦೫ರಲ್ಲಿ ಆರ್. ಶಾಮಾಶಾಸ್ತ್ರಿಗಳು ಗುರುತಿಸಿ, ೧೯೦೯ರಲ್ಲಿ ಅಚ್ಚುಹಾಕಿಸಿದರು. ಗ್ರಂಥವು ಅಂದಿನಿಂದ ದುರ್ಲಭವಾಗಿ ಉಳಿಯಲಿಲ್ಲ. ಅದರಿಂದ ಓಲೆಯ ಗೌರವವು ಕಡಿಮೆಯಾಯಿತೆಂದು ಯಾರೂ ಹೇಳುವದಿಲ್ಲ. ರೇಶಿಮೆಯ ವಸ್ತ್ರದಲ್ಲಿ ಸುತ್ತಿ, ಪೂಜಿಸಿ, ಯಾರಿಗೂ ತೋರಿಸದೆ ಇಟ್ಟ ಓಲೆಗಳನ್ನು ಹುಳಗಳು ಓದಿ ಮುಗಿಸಿದ ಸಂಗತಿಯು ವಿದ್ವಾಂಸರ ಮನೆತನಗಳಿಗೆ ಅಪರಿಚಿತವಲ್ಲ. ಮೂಲವನ್ನು ಕಾಯುವದೂ, ಅದರ ಫಲವನ್ನು ಹಂಚುವದೂ ಪರಸ್ಪರ ವಿರುದ್ಧವಲ್ಲ. ಕಾಯುವದಕ್ಕೆ ಅರ್ಥ ಬರುವದೇ ಹಂಚುವದರಿಂದ.

ಓಡಿಸಿದರೆ ಮುರಿಯುವದಲ್ಲ, ಮುರಿದ ಭಾಗವನ್ನು ಬದಲಿಸಿದರೆ ಮೂಲತ್ವವೇ ಹೋಗುವದಲ್ಲ ಎಂಬ ಶಂಕೆಯು ಇನ್ನೂ ಉಳಿಯುವದು. ಪಾಲಿಯ ಮಿಲಿಂದಪಞ್ಹದಲ್ಲಿ ನಾಗಸೇನನು ರಾಜನನ್ನು ಇಂಥದೇ ಒಂದು ಪ್ರಶ್ನೆಯಿಂದ ನಿಲ್ಲಿಸಿದ್ದಾನೆ. ನೊಗವು ರಥವೇ? ಅಚ್ಚು ರಥವೇ? ಗಾಲಿಗಳು ರಥವೇ? ಒಂದೊಂದೂ ಅಲ್ಲ, ಅವಯವಗಳನ್ನು ಅವಲಂಬಿಸಿದ ವ್ಯವಹಾರದ ಹೆಸರೇ ರಥವೆಂಬುದು. ಬೆಳಗಾವಿಯು ಎರಕದ ಕೆಲಸಕ್ಕೂ ಯಂತ್ರಭಾಗಗಳಿಗೂ ಹೆಸರಾದ ಊರು. ಉದ್ಯಮಬಾಗದ ಕುಶಲ ಕೆಲಸಗಾರನೊಬ್ಬನು ತನ್ನ ಲೇಥಿನ ಮೇಲೆ ಮುರಿದ ಅಚ್ಚಿಗೆ ಬದಲು ಹೊಸದೊಂದನ್ನು ಕಡೆದುಕೊಟ್ಟರೆ ಆ ಬಗ್ಗಿಯು ಬಗ್ಗಿಯಾಗಿಯೇ ಇರುವದು. ಮೇಲಾಗಿ ಅದರ ಚರಿತ್ರೆಯಲ್ಲಿ ಶಿಝುವೋಕಾದ ಜೊತೆಗೆ ಬೆಳಗಾವಿಯೂ ಸೇರುವದು. ಎಂದೂ ಓಡದ ಗಾಡಿಯಲ್ಲಿ ಅವಯವಗಳೆಲ್ಲವೂ ಮೂಲದವೇ ಇರಬಹುದು. ವ್ಯವಹಾರವೇ ಇಲ್ಲದ ಮೇಲೆ ಹೆಸರಿಗೆ ಆಧಾರವೆಲ್ಲಿ? ಆದರೂ ಸಾಕ್ಷಿಗಾಗಿ ಒಂದನ್ನು ಮುಟ್ಟದೆ ಇಡುವದು ಯುಕ್ತವೇ. ಒಂದು ಸಾಕ್ಷಿ ಸಾಕು. ಕಪಾಟು ತುಂಬ ಸಾಕ್ಷಿಗಳು ಬೇಡ.

ಹುಡುಗನ ಊರಾದ ಖಾನಾಪುರವು ಮಲಪ್ರಭೆಯ ದಂಡೆಯ ಮೇಲಿರುವದು. ಅಲ್ಲಿಯ ಜೇಡಿಮಣ್ಣು ಹಂಚು, ಗಡಿಗೆಗಳಿಗೆ ಪ್ರಸಿದ್ಧವಾದದ್ದು. ಕುಂಬಾರಿಕೆಯನ್ನು ಕಲಿಸುವ ಸಂಸ್ಥೆಯೂ ಅಲ್ಲಿ ನೆಲೆಗೊಂಡಿತು. ಈ ಭಾಗದಲ್ಲಿ ಜ್ಯೇಷ್ಠ ಬಹುಳದ ಮಣ್ಣೆತ್ತಿನ ಅಮಾವಾಸ್ಯೆಯಂದು ಮಣ್ಣಿನ ಎತ್ತುಗಳನ್ನು ಮಾಡಿ, ಪೂಜಿಸಿ, ಬಳಿಕ ನೀರಿಗೆ ಬಿಡುವರು. ಬೆಳಗಾವಿಯ ಗಲ್ಲಿಗಳಲ್ಲಿ ದೀಪಾವಳಿಗೆ ಮಕ್ಕಳು ಮಣ್ಣು ಕಲ್ಲುಗಳಿಂದ ಕಿಲ್ಲೆಗಳನ್ನು ಕಟ್ಟಿ, ಹಬ್ಬ ಮುಗಿದ ಮೇಲೆ ತಾವೇ ಕೆಡವುವರು. ಯಾರೂ ಅಳುವದಿಲ್ಲ. ಮಾಡುವ ಕೈಗಳು ಇರುವವರೆಗೆ ಮಾಡಿದ್ದು ಹೋದರೂ ನಷ್ಟವಿಲ್ಲ. ಜಪಾನದ ಬಗ್ಗಿಯನ್ನು ಮುಂದಿನ ವರ್ಷ ಹೊಳೆಯ ಮಣ್ಣಿನಿಂದ ಮಾಡಲಿಕ್ಕಾಗದೆಂಬುದು ನಿಜ. ಆದುದರಿಂದ ಅದನ್ನು ಎಚ್ಚರದಿಂದ ಆಡಬೇಕು, ಸ್ವಚ್ಛವಾಗಿಡಬೇಕು, ದುರಸ್ತಿಯನ್ನು ಕಲಿಯಬೇಕು. ಎಚ್ಚರಕ್ಕೆ ಇದು ಕಾರಣವಾಗುವದು; ಬೀಗಕ್ಕೆ ಕಾರಣವಾಗುವದಿಲ್ಲ.

ಕೊನೆಗೆ ಗೃಹಸ್ಥನು ವಿಚಾರಿಸತಕ್ಕದ್ದು ಇಷ್ಟು. ಕಪಾಟಿನಲ್ಲಿರುವದೆಲ್ಲವೂ ಒಂದು ದಿನ ಆ ತಂಗಿಯ ಮಗನಿಗೇ ಸಲ್ಲುವದೆಂದು ಅವನು ಮನಸ್ಸಿನಲ್ಲಿ ನಿಶ್ಚಯಿಸಿರಬಹುದು. ನಿಶ್ಚಯವು ಒಳ್ಳೆಯದೇ. ಆದರೆ ಬೀಗದ ಕೈ ದೊರೆಯುವ ದಿವಸ ಆ ಹುಡುಗನು ಹುಡುಗನಾಗಿರುವದಿಲ್ಲ. ಅವನೂ ಐವತ್ತರ ಗೃಹಸ್ಥನಾಗಿ, ಗಾಜನ್ನು ಒರೆಸುತ್ತ ನಿಂತಿರುವನು. ಪೆಟ್ಟಿಗೆಯು ಗಾಡಿಯನ್ನು ನಲವತ್ತು ವರ್ಷ ಕಾಯಬಲ್ಲದು. ಹತ್ತು ವರ್ಷದ ವಯಸ್ಸನ್ನು ಯಾವ ಪೆಟ್ಟಿಗೆಯೂ ಕಾಯಲಾರದು. ರಜೆಯು ಮುಗಿಯಲು ಇನ್ನೂ ಕೆಲವು ದಿನಗಳಿರುವವು. ಮಳೆಗಾಲವು ಆರಂಭವಾಗುವ ಮುಂಚೆ ಖಾನಾಪುರದ ಬಯಲು ಒಣಗಿಯೇ ಇರುವದು.