ಗಿರಾಕಿಯ ಅಜ್ಞಾನವೂ ಒಂದು ಅಮಾನತ್ತು

ಪ್ರವಾದಿವರ್ಯರು(ಸ) ಒಮ್ಮೆ ಪೇಟೆಯಲ್ಲಿ ಧಾನ್ಯದ ರಾಶಿಯೊಂದರೊಳಗೆ ಕೈ ಹಾಕಿದರು. ಬೆರಳುಗಳಿಗೆ ಒದ್ದೆ ತಗಲಿತು. ವಿಚಾರಿಸಿದಾಗ, ಮಳೆಗೆ ನೆನೆಯಿತೆಂದು ವ್ಯಾಪಾರಿ ಹೇಳಿದನು. ನೆನೆದುದನ್ನು ಜನರಿಗೆ ಕಾಣುವಂತೆ ಮೇಲೆ ಇಡಬಾರದಿತ್ತೇ ಎಂದು ಕೇಳಿದ ಪ್ರವಾದಿವರ್ಯರು(ಸ), ವಂಚಿಸುವವನು ತಮ್ಮವನಲ್ಲವೆಂದು ಎಚ್ಚರಿಸಿದರು. ಇಮಾಮ್ ಮುಸ್ಲಿಮ್(ರ) ವರದಿ ಮಾಡಿರುವ ಈ ಘಟನೆಯಲ್ಲಿ ಆ ವ್ಯಾಪಾರಿ ಬಾಯಿಬಿಟ್ಟು ಸುಳ್ಳು ಹೇಳಿರಲಿಲ್ಲ. ದೋಷವನ್ನು ಕಾಣಿಸಿರಲಿಲ್ಲ, ಅಷ್ಟೆ.

ಕಂಪ್ಯೂಟರ್ ಅಂಗಡಿಗಳಲ್ಲಿ ಸೇಲ್ಸ್‌ಮನ್ ಆಗಿ ದುಡಿಯುವ ನಮ್ಮ ಯುವಕರು ಇದನ್ನು ಚಿಂತಿಸಬೇಕು. ಧಾನ್ಯದ ರಾಶಿಗೆ ಯಾರೂ ಕೈ ಹಾಕಿ ನೋಡಬಹುದು. ಕಂಪ್ಯೂಟರಿನ ಒಳಗನ್ನು ಪರೀಕ್ಷಿಸಬಲ್ಲ ಗಿರಾಕಿಗಳು ಎಷ್ಟು ಮಂದಿ? ಮಗಳ ಓದಿಗಾಗಿ ಲ್ಯಾಪ್‌ಟಾಪ್ ಕೊಳ್ಳಲು ಬೆಂಗಳೂರಿನ ಎಸ್.ಪಿ. ರಸ್ತೆಗೆ ಬರುವ ತಂದೆಗೆ ‘ಐ5’ ಎಂಬ ಹೆಸರಷ್ಟೇ ಗೊತ್ತು. ಅದೇ ಹೆಸರಿನಲ್ಲಿ 2009ರಿಂದ ಹಲವು ಪೀಳಿಗೆಯ ಪ್ರೊಸೆಸರ್‌ಗಳು ಬಂದಿವೆಯೆಂದು ತಿಳಿಯದು. ಬಳಸಿದ ಹಾರ್ಡ್ ಡಿಸ್ಕ್ ಎಷ್ಟು ಗಂಟೆ ಓಡಿದೆಯೆಂಬ ಲೆಕ್ಕ ಸಾಮಾನ್ಯವಾಗಿ ಅದರೊಳಗೇ ದಾಖಲಾಗಿರುತ್ತದೆ. ಸೇಲ್ಸ್‌ಮನ್ ಅದನ್ನು ಕೆಲವೇ ನಿಮಿಷಗಳಲ್ಲಿ ನೋಡಬಲ್ಲ. ಆ ತಂದೆ ನೋಡಲಾರ. ಅವರ ಈ ಅಜ್ಞಾನವು ನಿಮ್ಮ ಕೈಗೆ ಬಂದ ಅಮಾನತ್ತು. ಹಳೆಯದನ್ನು ಒರೆಸಿ ಹೊಸ ಪೊಟ್ಟಣದಲ್ಲಿಟ್ಟು ಮಾರಿದರೆ ಅದು ಒದ್ದೆ ಧಾನ್ಯವಲ್ಲದೆ ಬೇರೇನು?

ಹಳೆಯ ವಸ್ತುವನ್ನು ಮಾರಬಾರದೆಂದಲ್ಲ. ‘ಇದು ಬಳಸಿದ್ದು, ಬ್ಯಾಟರಿ ಹೆಚ್ಚು ಹೊತ್ತು ಬಾರದು, ಅದಕ್ಕೇ ಈ ಬೆಲೆ’ ಎಂದು ತಿಳಿಸಿ ಮಾರಿದರೆ ಲಾಭವೂ ಧರ್ಮಸಮ್ಮತ. ಹಾಗೆಯೇ, ಪತ್ರ ಟೈಪು ಮಾಡಲಷ್ಟೇ ಬೇಕಾದವರಿಗೆ ಕಮಿಷನ್ನಿನ ಆಸೆಯಿಂದ ದುಬಾರಿ ಗ್ರಾಫಿಕ್ಸ್ ಕಾರ್ಡನ್ನು ಅಂಟಿಸದಿರುವುದೂ ಪ್ರಾಮಾಣಿಕತೆಯೇ.

‘ನಾನು ಸಂಬಳಕ್ಕಿರುವವನು, ಮಾಲಕರು ಹೇಳಿದಂತೆ ಮಾಡಿದೆ’ ಎಂಬ ಸಮಜಾಯಿಷಿ ಪರಲೋಕದಲ್ಲಿ ನಡೆಯದು. ಸೃಷ್ಟಿಕರ್ತನ ಆಜ್ಞೆಯನ್ನು ಮೀರಿ ಸೃಷ್ಟಿಗಳ ಆಜ್ಞೆಯನ್ನು ಪಾಲಿಸುವಂತಿಲ್ಲ. ನಿಜ ಹೇಳಿದ್ದಕ್ಕೆ ಗಿರಾಕಿ ಎದ್ದು ಹೋಗಬಹುದು, ತಿಂಗಳ ಟಾರ್ಗೆಟ್ ತಪ್ಪಬಹುದು, ಕೆಲಸವೇ ಹೋಗಬಹುದು. ಮನೆಬಾಡಿಗೆ ಕಟ್ಟಬೇಕಾದವನಿಗೆ ಇದು ಸಣ್ಣ ಪರೀಕ್ಷೆಯಲ್ಲ. ಆದ್ದರಿಂದ ಮೊದಲು ಮಾಲಕರಿಗೆ ಸೌಜನ್ಯದಿಂದ ತಿಳಿಹೇಳಿರಿ. ಒಪ್ಪದಿದ್ದರೆ ಬೇರೆ ಕೆಲಸ ಹುಡುಕಿರಿ. ಸುಳ್ಳು ಹೇಳದೆ ಮುಟ್ಟಲಾಗದ ಗುರಿಯನ್ನು ನೌಕರರ ಮೇಲೆ ಹೇರುವ ಮಾಲಕರೂ ಆ ಪಾಪದ ಪಾಲುದಾರರೆಂಬುದನ್ನು ಮರೆಯದಿರಲಿ.

ಮಾರುವವನೂ ಕೊಳ್ಳುವವನೂ ಸತ್ಯ ನುಡಿದು ದೋಷವನ್ನು ತಿಳಿಸಿದರೆ ಆ ವ್ಯಾಪಾರದಲ್ಲಿ ಬರಕತ್ ಇದೆಯೆಂದೂ ಮುಚ್ಚಿಟ್ಟರೆ ಅದು ಅಳಿದುಹೋಗುವುದೆಂದೂ ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ಕಂಪ್ಯೂಟರ್ ಅಂಗಡಿಯಲ್ಲಿ ತಕ್ಕಡಿ ಇಲ್ಲದಿರಬಹುದು. ಆದರೆ ಅಲ್ಲಿ ಆಡಿದ ಮಾತೂ ಮುಚ್ಚಿಟ್ಟ ಮಾತೂ ಅಂತ್ಯದಿನದ ತಕ್ಕಡಿಗೆ ಬರಲಿವೆ. ಅಲ್ಲಾಹನು ನಮ್ಮ ಸಂಪಾದನೆಯನ್ನು ಶುದ್ಧಗೊಳಿಸಲಿ.